ಪೊಟ್ಟಣದ ಮೇಲಿನ ಮುಖ

ಕಾಲೇಜಿನ ಔಷಧಿ ತೋಟದಲ್ಲಿ ಇಪ್ಪತ್ತಾರು ವರ್ಷ ಮಣ್ಣು ಕೆದಕಿದ ಆಕೆಯನ್ನು ಎಲ್ಲರೂ ಬಳ್ಳಿಯಕ್ಕ ಎನ್ನುತ್ತಿದ್ದರು. ವಿದ್ಯಾರ್ಥಿಗಳು ಬಂದರೆ ಮಧುನಾಶಿನಿ ಬಳ್ಳಿಯ ಎಲೆ ಅಗಿಯಲು ಕೊಟ್ಟು, ಮೇಲೊಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕುತ್ತಿದ್ದಳು. ಸಿಹಿ ಗೊತ್ತಾಗದೆ ಅವರು ಕಣ್ಣರಳಿಸಿದರೆ ನಗುತ್ತಿದ್ದಳು.

"ಇದು ನಾಲಿಗೆಗೆ ಮಂಕುಬೂದಿ ಎರಚುತ್ತೆ. ರಕ್ತಕ್ಕೆ ಎಷ್ಟು ಉಪಯೋಗ ಅಂತ ದೊಡ್ಡೋರು ಇನ್ನೂ ಪರೀಕ್ಷೆ ಮಾಡ್ತಿದಾರೆ. ನಾನಂತೂ ಮಾತ್ರೆ ಬಿಟ್ಟಿಲ್ಲಪ್ಪ."

ಹನ್ನೆರಡು ವರ್ಷದಿಂದ ಆಕೆಗೂ ಸಕ್ಕರೆ ಕಾಯಿಲೆ.

ಒಮ್ಮೆ ಕ್ಯಾಮೆರಾದವನೊಬ್ಬ, ಪ್ರದರ್ಶನಕ್ಕೆ ಬೇಕೆಂದು ಹೇಳಿ, ಬಳ್ಳಿಯ ಪಕ್ಕ ನಿಲ್ಲಿಸಿ ಆಕೆಯ ಫೋಟೋ ತೆಗೆದುಕೊಂಡು ಹೋದ. ಆರು ತಿಂಗಳ ಮೇಲೆ ಎದುರುಮನೆಯ ದರ್ಜಿ ಆಸ್ಪತ್ರೆ ಸೇರಿದ. ಆತನಿಗೂ ಸಕ್ಕರೆ ಕಾಯಿಲೆ; ಕಾಲಿನ ಹುಣ್ಣು ಕೊಳೆತು, ಹೆಬ್ಬೆರಳನ್ನೇ ತೆಗೆದಿದ್ದರು. ಬಳ್ಳಿಯಕ್ಕ ನೋಡಲು ಹೋದಳು.

"ನಿಮ್ಮ ಪುಡಿ ನಂಬಿ ಮಾತ್ರೆ ಬಿಟ್ಟೆ ಅಕ್ಕಾ," ಎಂದ ಆತ.

"ನನ್ನ ಪುಡಿನಾ?"

ಆತನ ಹೆಂಡತಿ ಚೀಲದಿಂದ ಪೊಟ್ಟಣ ತೆಗೆದು ಮಂಚದ ಮೇಲಿಟ್ಟಳು. ಅದರ ಮೇಲೆ ಬಳ್ಳಿಯಕ್ಕನದೇ ನಗುಮುಖ. ಕೆಳಗೆ ದಪ್ಪಕ್ಷರ: 'ನಲವತ್ತೇ ದಿನಕ್ಕೆ ನನ್ನ ಸಕ್ಕರೆ ಮಾಯ. ಮಾತ್ರೆಗೆ ವಿದಾಯ!'

ಬಳ್ಳಿಯಕ್ಕನ ಮೈ ಉರಿದುಹೋಯಿತು. ಆಡದ ಮಾತನ್ನು ತನ್ನ ಬಾಯಿಗೆ ತುರುಕಿ, ನಂಬಿದವನ ಕಾಲ್ಬೆರಳು ತಿಂದಿದ್ದರು. ನೆಟ್ಟಗೆ ಆ ಪುಡಿ ಮಾರಿದ ಅಂಗಡಿಗೆ ನಡೆದಳು.

"ಗಿಡದ್ದು ತಾನೇ ಅಮ್ಮ, ತಿಂದ್ರೆ ಏನೂ ಆಗಲ್ಲ," ಎಂದ ಅಂಗಡಿಯವನು.

"ಆ ಮಾತನ್ನ ದರ್ಜಿ ಎದುರು ನಿಂತು ಹೇಳ್ತೀಯಾ? ಕಣಗಿಲೆನೂ ಗಿಡದ್ದೇ. ತಿಂದು ತೋರಿಸು!"

ಬಾಗಿಲಲ್ಲೇ ಸ್ಟೂಲು ಎಳೆದು ಕೂತಳು. ಬಂದಬಂದವರಿಗೆ ಒಂದು ಕೈಯಲ್ಲಿ ಪೊಟ್ಟಣ, ಇನ್ನೊಂದು ಕೈಯಲ್ಲಿ ತಾನು ನುಂಗುವ ಮಾತ್ರೆಯ ಸ್ಟ್ರಿಪ್ ತೋರಿಸಿದಳು. ಮೂರನೇ ದಿನ ಅಂಗಡಿಯವನೇ ಕೈಮುಗಿದು ಕಪಾಟು ಖಾಲಿ ಮಾಡಿದ.

ಪುಡಿಯ ಕಂಪನಿ ಮೇಲೆ ದೂರು ಕೊಡಲು ಹೋದರೆ, ಔಷಧ ನಿಯಂತ್ರಣ ಕಚೇರಿಯ ಗುಮಾಸ್ತ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಫೋಟೋ ನಿಮ್ಮದೇ ಅನ್ನೋದಕ್ಕೆ ದಾಖಲೆ?"

"ಮುಖ ನಿಮ್ಮೆದುರಿಗೇ ಇದೆಯಲ್ಲ ಸಾರ್!"

"ಮುಖ ದಾಖಲೆ ಆಗಲ್ಲಮ್ಮ."

ನಾಲ್ಕು ತಿಂಗಳಿಗೆ ಪೊಟ್ಟಣ ಮತ್ತೆ ಅಂಗಡಿಗಳಿಗೆ ಬಂತು, ಬೇರೊಬ್ಬ ಮುದುಕಿಯ ಮುಖ ಹೊತ್ತು. ಅಷ್ಟರಲ್ಲಿ ದರ್ಜಿ ಮಾತ್ರೆ ಮತ್ತೆ ಶುರುಮಾಡಿ, ಕುಂಟುತ್ತಲೇ ಹೊಲಿಗೆಗೆ ಕೂತಿದ್ದ. ಬಳ್ಳಿಯಕ್ಕ ಆತನನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಗುಮಾಸ್ತನ ಮೇಜಿನ ಮುಂದೆ ನಿಲ್ಲಿಸಿದಳು.

"ಚಪ್ಪಲಿ ಬಿಡಪ್ಪ," ಎಂದಳು. "ಸಾರ್‌ಗೆ ದಾಖಲೆ ಬೇಕಂತೆ."