ಮೈಕಿನಲ್ಲಿ ಗೆದ್ದ ಪಂದ್ಯ

ಕಳೆದ ವಾರ ತುಮಕೂರಿನ ಬಟವಾಡಿಯ ಗ್ರಂಥಿಗೆ ಅಂಗಡಿಯಲ್ಲಿ ಕೆಮ್ಮಿಗೆಂದು ಅತಿಮಧುರದ ಕಡ್ಡಿ ಕೊಳ್ಳುತ್ತಿದ್ದೆ. ಅಂಗಡಿಯವನು ಪೊಟ್ಟಣ ಕಟ್ಟುವಾಗ ಲವಂಗದ ಜೊತೆ ಬೆರೆತ ಆ ಸಿಹಿ ವಾಸನೆ ಮೂಗಿಗೆ ಬಡಿದು, ಬೇಡದ ಮನುಷ್ಯನೊಬ್ಬ ನೆನಪಾದ. ಆತನ ಬಾಯಲ್ಲಿ ಸದಾ ಇದೇ ಕಡ್ಡಿ, ಇದೇ ಲವಂಗ. ಗಂಟಲೇ ಆತನ ಬಂಡವಾಳ. ನಮ್ಮ ಕಡೆಯವರೆಲ್ಲ ಕಾಮೆಂಟ್ರಿ ಮೇಷ್ಟ್ರು ಅನ್ನುತ್ತಿದ್ದರು. ‘ಅವರು’ ಎಂದು ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.

ಗುಬ್ಬಿಯ ಶಾಲೆಯೊಂದರಲ್ಲಿ ಆತ ಡ್ರಿಲ್ ಮೇಷ್ಟ್ರಾಗಿದ್ದ. ಯಾವುದೋ ಕ್ರೀಡಾಕೂಟದಲ್ಲಿ ಮೈಕು ಹಿಡಿಯಬೇಕಾದವರು ಬಾರದೆ ಅದು ಆತನ ಕೈಗೆ ಬಂತಂತೆ. ಆಮೇಲೆ ಆತ ಅದನ್ನು ಬಿಡಲೇ ಇಲ್ಲ. ತುಮಕೂರು, ಗುಬ್ಬಿ, ಕುಣಿಗಲ್, ಎಲ್ಲಿ ಕಬಡ್ಡಿ ನಡೆದರೂ ವೀಕ್ಷಕ ವಿವರಣೆ ಆತನದೇ. ರೇಡಿಯೊದಲ್ಲೂ ಅಷ್ಟಿಷ್ಟು ಮಾತಾಡಿದ್ದ, ಅದನ್ನು ಜೀವಮಾನವಿಡೀ ಹೇಳಿಕೊಂಡ. ದನಿಯೇನೋ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಅಂಕಣಕ್ಕೆ ಬೆನ್ನು ಹಾಕಿ ಕಡಲೆಕಾಯಿ ತಿನ್ನುತ್ತಿದ್ದವನಿಗೂ ಆಟ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಆತನ ಕಣ್ಣು ಅರ್ಧ ಆಟದ ಮೇಲೆ, ಇನ್ನರ್ಧ ವೇದಿಕೆಯ ಕುರ್ಚಿಗಳ ಮೇಲೆ. ದೊಡ್ಡ ಮನುಷ್ಯರ ಕಾರು ಬಂದರೆ ಸಾಕು, ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡುತ್ತಿದ್ದರೂ ಮೈಕು ಅತ್ತ ತಿರುಗಿ ಸ್ವಾಗತ ಶುರುವಾಗುತ್ತಿತ್ತು.

ನನ್ನ ಅಕ್ಕ ಆಗ ಕಾಲೇಜಿನ ಕಬಡ್ಡಿ ಟೀಮಿನಲ್ಲಿದ್ದಳು. ನಮ್ಮದು ಅಮೃತೂರು. ಬೆಳಗ್ಗೆ ಮೊದಲ ಬಸ್ಸು ಬರುವ ಮುಂಚೆಯೇ ಎದ್ದು ತೋಟದ ಬದುವಿನ ಮೇಲೆ ಓಡುತ್ತಿದ್ದಳು. ಪೊಲೀಸ್ ಕೆಲಸಕ್ಕೆ ಲಿಖಿತ ಪರೀಕ್ಷೆ ಪಾಸಾಗಿತ್ತು, ಓಟದ ಪರೀಕ್ಷೆಯೊಂದು ಬಾಕಿ ಇತ್ತು.

ಗುಬ್ಬಿಯಲ್ಲಿ ಆ ಪಂದ್ಯ ನಡೆದದ್ದು ಅಂಥ ದಿನಗಳಲ್ಲಿ. ಮೊದಲರ್ಧದಲ್ಲೇ ಅವಳ ಮಂಡಿ ಊದಿಕೊಂಡಿತ್ತು. ಕೋಚ್ ಹೊರಗೆ ಕೂರಿಸಿ ಐಸು ಕಟ್ಟಿದ್ದರು. ನಮ್ಮ ಟೀಮು ಹಿಂದೆ ಬಿದ್ದಿತ್ತು, ಜನ ಎದ್ದು ಹೋಗತೊಡಗಿದ್ದರು. ಆಟ ಸಪ್ಪೆಯಾದರೆ ಮೈಕೂ ಸಪ್ಪೆಯಲ್ಲವೇ…

“ಅಮೃತೂರಿನ ಹುಲಿ ಎಲ್ಲಿ? ಮಂಡಿ ನೋವಂತೆ! ಹುಲಿಗೂ ಮಂಡಿ ನೋವು ಬರುತ್ತಾ ಗುಬ್ಬಿಯ ಮಹಾಜನಗಳೇ?”

ಜನ ನಕ್ಕರು, ಶಿಳ್ಳೆ ಹಾಕಿದರು. ಆತ ಅದನ್ನೇ ಮತ್ತೆ ಮತ್ತೆ ಹೇಳಿದ. “ಬ್ಯಾಡ ಕಣವ್ವ, ಕುತ್ಕೋ” ಎಂದರು ಕೋಚ್. ಅಕ್ಕನ ಮುಖ ಕೆಂಪಾಗಿತ್ತು. ಐಸು ಬಿಚ್ಚಿ ಎಸೆದು ಒಳಗೆ ಹೋದಳು. ಒಂದೇ ಉಸಿರಿನಲ್ಲಿ ಇಬ್ಬರನ್ನು ಮುಟ್ಟಿ ತಿರುಗಿದಳು. ಗೆರೆಯ ಹತ್ತಿರ ಎದುರಾಳಿಗಳೆಲ್ಲ ಮೇಲೆ ಬಿದ್ದರು. ಅವಳ ಕೈ ಗೆರೆ ಮುಟ್ಟಿತು, ಎರಡು ಪಾಯಿಂಟು ಬಂತು, ಕಾಲು ಮಾತ್ರ ಎಲ್ಲರ ಕೆಳಗೆ ಎತ್ತಲೋ ತಿರುಚಿಕೊಂಡಿತ್ತು. ನಾಲ್ಕು ಜನ ಅವಳನ್ನು ಎತ್ತಿಕೊಂಡು ಹೋಗುವಾಗ ಮೈಕಿನಲ್ಲಿ ಮುಖ್ಯ ಅತಿಥಿಗಳಿಗೆ ಸ್ವಾಗತ ನಡೆಯುತ್ತಿತ್ತು. ಪಂದ್ಯ ಸೋತೆವು. ಅಕ್ಕ ಆಮೇಲೆ ಓಡಲಿಲ್ಲ. ಇವತ್ತಿಗೂ ಎಡಗಾಲು ಎಳೆದೇ ನಡೆಯುತ್ತಾಳೆ.

ವರ್ಷಗಳು ಕಳೆದವು. ನಿವೃತ್ತಿಯಾದ ಮೇಲೆ ಆತ ಕೋಟು ಹೊಲಿಸಿ, ಕಿವಿಗೆ ಸಿಕ್ಕಿಸುವ ಮೈಕು ಹಾಕಿ ಮೋಟಿವೇಶನ್ ಸ್ಪೀಕರ್ ಆದ. ನಾನೂ ಅಕ್ಕನೂ ಆ ಹೊತ್ತಿಗೆ ತುಮಕೂರಿನ ಪಕ್ಕದ ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿದ್ದೆವು. ನಾನು ಸ್ಟೋರ್ಸ್‌ನಲ್ಲಿ, ಅವಳು ಕೂತು ಮಾಡುವ ಪ್ಯಾಕಿಂಗ್ ಕೆಲಸದಲ್ಲಿ. ಒಂದು ಮಧ್ಯಾಹ್ನ ನಮ್ಮ ಮಾಲೀಕರು ನಮಗೆಲ್ಲ ಸ್ಫೂರ್ತಿ ತುಂಬಲೆಂದು ಆತನನ್ನೇ ಕರೆಸಿದರು.

ಆತ ಹೇಳಿದ್ದು ಗುಬ್ಬಿಯ ಪಂದ್ಯದ ಕಥೆಯನ್ನೇ. ಮಂಡಿ ಮುರಿದ ಬಡ ಹುಡುಗಿ, ಎಲ್ಲರೂ ಕೈಬಿಟ್ಟಾಗ ಧೈರ್ಯ ತುಂಬಿದ ಈತನ ದನಿ, ಎರಡು ಪಾಯಿಂಟು, ಗೆಲುವು! ಆ ಹುಡುಗಿ ಈಗ ಪೊಲೀಸ್ ಅಧಿಕಾರಿಯಂತೆ. ನನ್ನ ಮೈ ಉರಿಯಿತು. ಪ್ಯಾಕಿಂಗ್‌ನವರ ಸಾಲಿನಲ್ಲಿ ಅಕ್ಕ ಗೋಡೆ ಹಿಡಿದು ಎದ್ದು ನಿಂತಳು.

“ಸಾರ್, ಆ ಮ್ಯಾಚು ಸೋತೋಯ್ತು ಸಾರ್. ಆ ಹುಡ್ಗಿ ನಾನೇಯ.”

ಆತ ಅವಳ ಮುಖ ನೋಡಿದ, ಕಾಲು ನೋಡಿದ. ಗುರುತು ಸಿಕ್ಕಿತೆಂದು ನನಗೆ ಸ್ಪಷ್ಟವಾಗಿ ಕಂಡಿತು. ಮರುಕ್ಷಣವೇ ಎರಡೂ ಕೈ ಮೇಲೆತ್ತಿದ.

“ನೋಡಿ, ನೋಡಿ! ಇದು ಸ್ಫೂರ್ತಿ ಅಂದ್ರೆ! ಪ್ರತಿಯೊಬ್ಬ ಹೆಣ್ಮಗಳೂ ‘ಆ ಹುಡುಗಿ ನಾನೇ’ ಅಂದ್ಕೋಬೇಕು! ಜೋರಾಗಿ ಚಪ್ಪಾಳೆ!”

ಎಲ್ಲರೂ ತಟ್ಟಿದರು. ಅಕ್ಕನ ಪಕ್ಕ ಕೂತಿದ್ದವಳೂ ತಟ್ಟಿದಳು.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಕಾಲೆಳೆಯುತ್ತ ಆತನ ಕಾರಿನ ತನಕ ಹೋದಳು. ನಾನು ಹಿಂದೆಯೇ ಹೋದೆ. ಆತ ದನಿ ತಗ್ಗಿಸಿ, “ಸೋತ ಕಥೆ ಯಾರು ಕೇಳ್ತಾರಮ್ಮ?” ಎಂದ.

“ಕಾಲಂತೂ ಹೋಯ್ತು ಸಾರ್. ಕಥೆನಾದ್ರೂ ಸರ್ಯಾಗಿ ಹೇಳಿ.”

ಆತ ಗಾಜು ಏರಿಸಿಕೊಂಡ. ಅಲ್ಲಿಗೂ ನಿಲ್ಲಿಸಲಿಲ್ಲ. ಕೆಲವು ತಿಂಗಳ ನಂತರ ಕುಣಿಗಲ್ಲಿನ ಕಾಲೇಜೊಂದರ ಭಾಷಣ ನನ್ನ ಫೋನಿಗೆ ಬಂತು. ಕಥೆಗೆ ಹೊಸ ಬಾಲ ಸೇರಿತ್ತು: ಇತ್ತೀಚೆಗೆ ಆ ಹುಡುಗಿ ಎದುರಾಗಿ ಕಾಲಿಗೆ ಬಿದ್ದು, “ನೀವೇ ನನ್ನ ದೇವರು” ಎಂದು ಅತ್ತಳಂತೆ. ಹೇಳುತ್ತ ಆತನ ದನಿಯೂ ಗದ್ಗದವಾಗಿತ್ತು. ಎಂಥ ನೀಚ ಎನಿಸಿತು… ಅಕ್ಕನಿಗೆ ಆ ವಿಡಿಯೊ ತೋರಿಸದೆ ಅಳಿಸಿಬಿಟ್ಟೆ.

ಆತ ತೀರಿಕೊಂಡು ಈಗ ಹತ್ತಿರ ಹತ್ತಿರ ವರ್ಷವಾಯಿತು. ಬಟವಾಡಿಯಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿದ್ದರು. ಅದರಲ್ಲೂ ಕೋಟು, ಅದರಲ್ಲೂ ಮೈಕು. ಆವತ್ತು ಸಂಜೆ ಮನೆಗೆ ಹೋಗಿ, “ಅಕ್ಕ, ಕಾಮೆಂಟ್ರಿ ಮೇಷ್ಟ್ರು ಹೋದ ಕಣಕ್ಕ. ಪೀಡೆ ತೊಲಗ್ತು” ಎಂದಿದ್ದೆ.

ಅವಳು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಕಳ್ಳ ಕಣೋ ಅವ್ನು” ಎಂದಳು. “ಆದ್ರೂ ನಾನು ಆ ಎರಡು ಪಾಯಿಂಟ್ ತಗೊಂಡಿದ್ನ ಇನ್ನೂ ಹೇಳ್ಕೊಂಡು ತಿರುಗ್ತಿದ್ದೋನು ಅವನೊಬ್ನೇಯ.”

ನನಗೆ ಆತನ ಮೇಲಿನ ಅಸಹ್ಯ ಇಂದಿಗೂ ಕಡಿಮೆಯಾಗಿಲ್ಲ, ಆಗುವುದೂ ಬೇಡ. ಆದರೆ ಅಕ್ಕ ಇಬ್ಬರನ್ನು ಮುಟ್ಟಿ ಗೆರೆಯತ್ತ ತಿರುಗಿದ ಆ ಗಳಿಗೆಯನ್ನು ನಾನು ಎಷ್ಟು ಸಲ ಹೇಳಲು ಹೋದರೂ ಮನೆಯವರು ಸೀರಿಯಲ್ ನೋಡುತ್ತ ಹೂಂ ಅನ್ನುತ್ತಾರೆ. ಆ ಆಟದ ಬಗ್ಗೆ ಈಗ ಸುಳ್ಳು ಹೇಳುವವರೂ ಯಾರೂ ಉಳಿದಿಲ್ಲ.