ಶಾಫ್ಟ್ ಬಾಯಿಯ ಮುದ್ದೆ

ನಮ್ಮ ಬಂಗಾರಪೇಟೆ ಕಾಲೇಜಿನ ಲೈಬ್ರರಿಯವರು ಪಾಸ್‌ವರ್ಡನ್ನೂ ಪುಸ್ತಕದ ಹಾಗೇ ಎರವಲು ಕೊಡುತ್ತಿದ್ದರು. ದೇಶದ ಯೂನಿವರ್ಸಿಟಿಗಳೆಲ್ಲ ಹಂಚಿಕೊಂಡು ಓದಲಿ ಎಂದು ರಾಶಿ ರಾಶಿ ಸಂಶೋಧನಾ ಪತ್ರಿಕೆಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರೆ, ಇವರು ಅದರ ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂತಿದ್ದರು. ಒಬ್ಬರು ವಾಪಸು ಮಾಡದೆ ಇನ್ನೊಬ್ಬರಿಗಿಲ್ಲ.

“ಒರಗಡೆ ಓಗೈತೆ ಮೇಡಂ. ಕೆಮಿಸ್ಟ್ರಿ ಮೇಷ್ಟ್ರು ತಗೊಂಡವ್ರೆ. ಮುಂದಿನ ವಾರ ಬನ್ನಿ.”

“ಅದನ್ನ ಎಷ್ಟು ಜನ ಬೇಕಾದ್ರೂ ಒಟ್ಟಿಗೆ ಓದಬಹುದು ಸಾರ್.”

“ಕಳದೋದ್ರೆ ಯಾರು ಜವಾಬ್ದಾರಿ?”

ರಿಜಿಸ್ಟರಿನಲ್ಲಿ ಮುಂದಿನ ವಾರಕ್ಕೆ ನನ್ನ ಹೆಸರು ಬರೆಸಿ ಬಂದೆ.

ನನಗೋ ಆತುರ. ಅಲ್ಲಿ ಕನ್ನಡ ಪಾಠ ಮಾಡಿಕೊಂಡೇ ಚಿನ್ನದ ಗಣಿ ಕೆಲಸಗಾರರ ನಂಬಿಕೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಪ್ರಬಂಧ ಒಪ್ಪಿಸಲು ಒಂದೇ ತಿಂಗಳಿತ್ತು. ನನ್ನ ಗೈಡ್ ಬಾಯಿಬಿಟ್ಟು ಹೊಗಳಿದ್ದು ಮೂರನೆಯ ಅಧ್ಯಾಯವನ್ನು ಮಾತ್ರ. ಕೇಜೆಂಬ ಕಬ್ಬಿಣದ ಪಂಜರದಲ್ಲಿ ಗಣಿಗೆ ಇಳಿಯುವ ಮುಂಚೆ ಕೆಲಸಗಾರರು ಶಾಫ್ಟ್ ಬಾಯಲ್ಲಿ, ಅಂದರೆ ಗಣಿಬಾವಿಯ ಅಂಚಿನಲ್ಲಿ, ಭೂಮಿತಾಯಿಗೆಂದು ಒಂದು ರಾಗಿಮುದ್ದೆ ಇಡುತ್ತಿದ್ದರು ಎಂದು ಒಂದು ಪುಸ್ತಕದಲ್ಲಿ ಓದಿ, ಆ ಪದ್ಧತಿಯ ಮೇಲೆ ನಲವತ್ತು ಪುಟ ಬರೆದಿದ್ದೆ. ಮೇಲಿನ ಬೆಳೆ ಕೊಟ್ಟು ಕೆಳಗಿನ ಚಿನ್ನ ಪಡೆಯುವ ಒಪ್ಪಂದವಿದು ಎಂದೆಲ್ಲ ಸಿದ್ಧಾಂತ ಕಟ್ಟಿದ್ದೆ. ಎಲ್ಲ ಚೆನ್ನಾಗಿದೆ, ಇದರ ಮೂಲ ಆಧಾರ ತೋರಿಸಿ, ಇಲ್ಲದಿದ್ದರೆ ಈ ಅಧ್ಯಾಯ ನಿಲ್ಲುವುದಿಲ್ಲ ಎಂದು ಗೈಡ್ ಹೇಳಿಬಿಟ್ಟರು.

ಗಣಿಗೆ ಇಳಿದಿದ್ದ ಅಪ್ಪ ಮನೆಯಲ್ಲೇ ಇದ್ದನಲ್ಲ, ಅವನನ್ನು ಕೇಳಬಾರದಿತ್ತೇ ಎನ್ನುತ್ತೀರಿ. ನಮ್ಮಪ್ಪನ ಮಾತು ನಂಬಿ ಡಿಗ್ರಿ ಪಡೆಯುವುದು ಕಷ್ಟ. ಅವನ ಎಡಗಿವಿಯ ತುದಿ ಇಲ್ಲ. ಚಿರತೆ ಕಿತ್ತುಕೊಂಡು ಹೋಯಿತು ಎಂದು ನಮಗೆಲ್ಲ ಬುರುಡೆ ಬಿಟ್ಟುಕೊಂಡೇ ಬಂದವನು. ಅಚ್ಚಾಗಿದ್ದನ್ನು ಮಾತ್ರ ನಂಬುವುದು ಎಂದು ನಾನು ತೀರ್ಮಾನಿಸಿದ್ದೆ.

ಅಂತೂ ಪಾಸ್‌ವರ್ಡ್ ಕೈಗೆ ಸಿಕ್ಕಿತು. ಮುದ್ದೆಯ ವಿಷಯವಿದ್ದ ಮೂರು ಲೇಖನ ತೆಗೆದೆ. ಮೊದಲನೆಯದು ಎರಡನೆಯದನ್ನು ತೋರಿಸಿತು, ಎರಡನೆಯದು ಮೂರನೆಯದನ್ನು. ಮೂರನೆಯದು ಗಣಿ ಇನ್ನೂ ನಡೆಯುತ್ತಿದ್ದ ಕಾಲದ ಒಂದು ಪಿಎಚ್.ಡಿ. ಪ್ರಬಂಧವನ್ನು ತೋರಿಸಿತು. ಅದೂ ಇಂಟರ್ನೆಟ್ಟಿನಲ್ಲಿತ್ತು. ಪ್ರಬಂಧಗಳನ್ನು ನೋಡಲು ಪಾಸ್‌ವರ್ಡೇ ಬೇಡ, ಯಾರು ಬೇಕಾದರೂ ಓದಬಹುದು. ಆದರೂ ಲೈಬ್ರರಿಯವರು ನನ್ನಿಂದ ಸಹಿ ಹಾಕಿಸಿಕೊಂಡೇ ಬಿಟ್ಟರು.

ಟೈಪು ಮಾಡಿದ ಹಳೇ ಪುಟಗಳು, ಸೊಟ್ಟಗೆ ಸ್ಕ್ಯಾನ್ ಆಗಿದ್ದವು. ಮುದ್ದೆಯ ಪದ್ಧತಿಗೆ ಆಧಾರ ಒಬ್ಬನೇ ಒಬ್ಬ ಕೆಲಸಗಾರ. ಹೆಸರಿಲ್ಲ. ಕ್ಯಾಸಂಬಳ್ಳಿ ಕಡೆಯವನು, ಚಾಂಪಿಯನ್ ರೀಫ್ಸ್ ಗಣಿ ಮನೆಗಳ ಲೈನಿನಲ್ಲಿ ವಾಸ, ಮಾತಿಗೆ ಮುಂಚೆ ಕೆಮ್ಮುತ್ತಾನೆ. ಎಡಗಿವಿಯ ತುದಿ ಇಲ್ಲ, ಚಿಕ್ಕಂದಿನಲ್ಲಿ ಕತ್ತೆ ಕಚ್ಚಿತಂತೆ.

ಕತ್ತೆ! ನಗು ಬಂತು, ಹಿಂದೆಯೇ ಆ ಸಾಲನ್ನು ಮತ್ತೊಮ್ಮೆ ಓದಿದೆ. ನನ್ನ ನಲವತ್ತು ಪುಟ ನಮ್ಮಪ್ಪನ ಬಾಯಿಂದ ಹೊರಟು, ಊರೂರು ಸುತ್ತಿ, ಅಚ್ಚಾಗಿ ನನ್ನ ಹತ್ತಿರವೇ ಬಂದಿತ್ತು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಅಮ್ಮ ಅಂಗಡಿಗೆ ಹೋಗಿದ್ದಳು.

“ಅಪ್ಪಾ, ಶಾಫ್ಟ್ ಬಾಯಲ್ಲಿ ಮುದ್ದೆ ಇಡ್ತಿದ್ದಿದ್ದು ಯಾರ್ಯಾರು?”

ಕೆಮ್ಮಿದ. “ನಾನೊಬ್ಬನೇ ಕಣಮ್ಮ.”

“ಭೂಮಿತಾಯಿಗಾ?”

“ಯಾವ ತಾಯಿ. ಕೇಜು ನೋಡಿದ್ರೆ ಗಂಟಲಾಗೆ ತುತ್ತು ಇಳೀತಿರ್ಲಿಲ್ಲ. ನಿಮ್ಮಮ್ಮ ಕಟ್ಕೊಟ್ಟ ಮುದ್ದೆ ಅಂಗೇ ವಾಪಸ್ ತಂದ್ರೆ ಯಾಕೆ, ಏನು ತಪ್ಪಾಗೈತೆ ಅಂತಾಳೆ. ಅದ್ಕೆ ಗೋಡೆ ಪಕ್ಕ ಮಡಗಿ ಇಳೀತಿದ್ದೆ, ನಾಯಿ ತಿಂತಿತ್ತು. ಒಂದಿನ ಆ ಓದೋ ಉಡುಗ ಟೇಪು ಇಡ್ಕೊಂಡು ಬಂದು ಏನಿದು ಅಂದ. ಭಯ ಅಂತ ಎಂಗೇಳಾದು? ತಾಯಿಗೆ ಅಂದೆ.”

“ಎಷ್ಟು ದಿನ ಹಾಗೆ ಮಾಡ್ದೆ?”

“ಗಣಿ ನಿಲ್ಲೋಗಂಟ.”

ಅಧ್ಯಾಯದ ಚಿಂತೆ ಎಲ್ಲಿ ಹೋಯಿತೋ. ದಿನಾ ಹಸಿದ ಹೊಟ್ಟೆಯಲ್ಲಿ ಕೆಳಗೆ ಇಳಿದು ನಮ್ಮನ್ನು ಓದಿಸಿದವನನ್ನು ಬುರುಡೆದಾಸ ಎಂದು ಅಣಕಿಸಿಕೊಂಡು ಬಂದಿದ್ದೆ. ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ನಾನೂ ಅವರೆಕಾಯಿ ಸುಲಿದೆ.

“ಇದ್ದಿದ್ದು ಇದ್ದ ಹಾಗೆ ಬರೀಲಾ ಅಪ್ಪಾ? ದೇಶದಲ್ಲಿರೋ ಯೂನಿವರ್ಸಿಟಿಯವ್ರೆಲ್ಲ ನೋಡ್ತಾರೆ.”

ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದ. “ಬರಿ. ಆದ್ರೆ ಮುದ್ದೇದು ಏನೂ ತಪ್ಪಿರ್ಲಿಲ್ಲ ಅಂತಾನೂ ಬರಿ. ಯಾರಾನಾ ನಿಮ್ಮಮ್ಮಂಗೆ ಓದೇಳ್ಬಿಟ್ಟಾರು.”

ನಲವತ್ತು ಪುಟ ಹೋಗಿ ಎರಡು ಪುಟ ಉಳಿಯಿತು. ಪದ್ಧತಿಯಲ್ಲ, ಒಬ್ಬನ ಭಯ ಎಂದು ಬರೆದೆ. ಕೆಳಗೆ ಅಡಿಟಿಪ್ಪಣಿ ಕೊಟ್ಟೆ: ಮುದ್ದೆಯಲ್ಲಿ ಯಾವ ದೋಷವೂ ಇರಲಿಲ್ಲ.

ಗೈಡ್ ಎರಡು ಪುಟವನ್ನೂ ಒಪ್ಪಿದರು. ಅಡಿಟಿಪ್ಪಣಿಯ ಪಕ್ಕದಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ ‘ಇದಕ್ಕೆ ಆಧಾರ?’ ಎಂದು ಕೇಳಿದ್ದರು. ಹುಟ್ಟಿದಾಗಿನಿಂದ ಅದೇ ಕೈಯ ಮುದ್ದೆ ಉಣ್ಣುತ್ತಿದ್ದೇನೆ ಎಂದು ಬರೆದು ಕಳಿಸಿದೆ.