ಮುನಿಯಮ್ಮನವರ ತುರಿಕೆಯೂ ನಮ್ಮ ನಲವತ್ತೊಂದನೆಯ ಅಣುವೂ

ನಿನ್ನೆ ಲಿಫ್ಟಿನೊಳಗೆ ಕಾಲಿಟ್ಟಾಗ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ಯಾರು ಹಚ್ಚಿಕೊಂಡು ಇಳಿದು ಹೋಗಿದ್ದರೋ! ನಾನು ಬಟನ್ ಒತ್ತುವುದನ್ನೂ ಮರೆತು ಹಾಗೇ ನಿಂತೆ. ಸಿಂಗಸಂದ್ರದ ಮುನಿಯಮ್ಮನವರು ಕಣ್ಣ ಮುಂದೆ ಬಂದಿದ್ದರು.

ಮುನಿಯಮ್ಮ ಹಿಂದೆ ನಾನಿದ್ದ ಬಾಡಿಗೆ ಮನೆಯ ಓನರ್. ಒಂದು ಕಾಲಕ್ಕೆ ರಾಗಿ ಬೆಳೆದ ಜಾಗದಲ್ಲೇ ಮೂರಂತಸ್ತು ಕಟ್ಟಿಸಿ ಕೆಳಗೆ ತಾವಿದ್ದರು. ಕಿಡ್ನಿ ಎರಡೂ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೂಜಿಗೆ ಹೆದರುವ ಜೀವ ಅದಲ್ಲ. ಅವರನ್ನು ಕಂಗೆಡಿಸಿದ್ದು ಕಿಡ್ನಿ ಕಾಯಿಲೆಯ ಜೊತೆಗೇ ಬಂದ ತುರಿಕೆ. ಕೆರೆದು ಕೆರೆದು ತೋಳಿನ ಮೇಲೆಲ್ಲ ರಕ್ತದ ಗೀರು. ಎಣ್ಣೆ ಹಚ್ಚಿದರೆ ಗಳಿಗೆಹೊತ್ತು ಸಮಾಧಾನ, ಮತ್ತೆ ಶುರು.

"ನೋವಾದ್ರೆ ತಡ್ಕೊಬೋದು ಕಣಮ್ಮ. ಇದು ಕೂರಕ್ಕೂ ಬಿಡಕಿಲ್ಲ, ನಿಲ್ಲಕ್ಕೂ ಬಿಡಕಿಲ್ಲ" ಎನ್ನುತ್ತಿದ್ದರು.

ಎಲೆಕ್ಟ್ರಾನಿಕ್ ಸಿಟಿಯಾಚೆಯ ಲ್ಯಾಬೊಂದರಲ್ಲಿ ನನ್ನ ಕೆಲಸ. ನಮ್ಮ ತಂಡ ಆಗ ಹುಡುಕುತ್ತಿದ್ದುದೂ ತುರಿಕೆಯ ಔಷಧಿಯನ್ನೇ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ನನ್ನ ನಾಲಿಗೆ ನಿಮಗೆ ಗೊತ್ತಿಲ್ಲ, ಹೇಳಿಬಿಟ್ಟೆ. ನರದ ಮೇಲೆ ಗ್ರಾಹಕ ಅಂತ ಇರುತ್ತದೆ ಎಂದರೆ ಅವರು, "ಯಾವ ಗಿರಾಕಿ?" ಎಂದರು. ಆಮೇಲೆ ಬೀಗ, ಕೀಲಿಕೈ ಎಂದು ವಿವರಿಸಿದೆ. ತುರಿಕೆ ತರುವ ವಸ್ತು ಆ ಬೀಗಕ್ಕೆ ಕೂತರೆ ನರ ಮಿದುಳಿಗೆ ಸುದ್ದಿ ಕಳಿಸುತ್ತದೆ, ಅದು ಕೂರದಂತೆ ಮಾಡಬೇಕು ಎಂದೆ.

"ಅಂಗಾರೆ ತಿರುಗ್ದೇ ಇರೋ ಕೀನ ಮೊದ್ಲೇ ಒಳಗ್ ತೂರ್ಸಿ ಮಡಗ್ಬೇಕು, ಅಷ್ಟೇ ಅಲ್ವಾ?" ಎಂದರು ಮುನಿಯಮ್ಮ.

ನಾನು ಎರಡು ವರ್ಷ ಓದಿ ಅರ್ಥ ಮಾಡಿಕೊಂಡಿದ್ದು ಅದು.

ಆ ಗ್ರಾಹಕವಿರುವ ಜೀವಕೋಶಗಳನ್ನು ನಾವು ತಟ್ಟೆಗಳಲ್ಲಿ ಬೆಳೆಸುತ್ತಿದ್ದೆವು. ತುರಿಕೆಯ ಸುದ್ದಿ ಮುಟ್ಟಿದರೆ ಅವು ಮಿನುಗುತ್ತಿದ್ದವು. ಮಿನುಗನ್ನು ತಡೆಯುವ ಅಣು ನಮಗೆ ಬೇಕಿತ್ತು. ನಲವತ್ತು ಅಣುಗಳು ಸಪ್ಪೆ. ನಲವತ್ತೊಂದನೆಯದನ್ನು ಹಾಕಿದರೆ ಇಡೀ ತಟ್ಟೆ ಕತ್ತಲೆ! ಅಂದು ಸಂಜೆ ಮೆಟ್ಟಿಲ ಬುಡದಲ್ಲೇ ಕೂಗಿದೆ: "ಸಿಕ್ಬಿಡ್ತು ಮುನಿಯಮ್ಮ!" ಅವರು ಕೆರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆ ನೋಟ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ರಾತ್ರಿ ಊಟಕ್ಕೆ ಹಿತಕಿದ ಅವರೆಕಾಳಿನ ಸಾರು ಮೇಲಿದ್ದ ನನ್ನ ಮನೆಗೆ ಬಂತು.

ನಮ್ಮ ಹಿರಿಯ ವಿಜ್ಞಾನಿ ಶಶಿಕಲಾ ಮೇಡಂ ದಾವಣಗೆರೆಯವರು. ಹಣೆಯಲ್ಲಿ ತೆಳುವಾಗಿ ವಿಭೂತಿ, ಕೈಯಲ್ಲಿ ಸದಾ ಒಂದು ಪೆನ್ಸಿಲ್. ನನ್ನ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: "ಈ ಗ್ರಾಹಕ ಇಲ್ಲದಿರೋ ಕೋಶದ ಮೇಲೆ ಹಾಕಿ ನೋಡಿದೇನು?"

ನೋಡಿರಲಿಲ್ಲ. ಬೇರೆ ಗ್ರಾಹಕದಿಂದ ಮಿನುಗುವ ಕೋಶಗಳಿಗೆ ಮರುದಿನ ಅದನ್ನೇ ಹಾಕಿದೆ. ಅವೂ ಕತ್ತಲಾದವು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಸತ್ತು ಮುದುಡಿದ ಕೋಶಗಳು. ನಮ್ಮ ಅಣು ಬೀಗ ಮುಚ್ಚಿರಲಿಲ್ಲ, ಮನೆಯನ್ನೇ ಸುಟ್ಟಿತ್ತು.

"ಸತ್ತ ಕೋಶ ಮಿನುಗಂಗಿಲ್ಲ ನೋಡು" ಎಂದರು ಮೇಡಂ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಮುನಿಯಮ್ಮನಿಗೆ ಹೇಳಲು ಮೂರು ದಿನ ಬೇಕಾಯಿತು. ಹೇಳಿದಾಗ ತೋಳು ಕೆರೆದುಕೊಂಡರು. ನಂತರ, "ನಂಗ್ ಕುಡ್ಸಿದ್ಮೇಲೆ ಗೊತ್ತಾಗಿದ್ರೆ?" ಎಂದರು. "ಆ ನಲವತ್ತು ಸಪ್ಪೇವು ಅಂದ್ಯಲ್ಲ, ಅವನ್ನ ಇನ್ನೊಂದ್ ದಪ ನೋಡು. ಜೋರಾಗ್ ಕೂಗೋರೆಲ್ಲ ಕೆಲ್ಸ ಮಾಡಕಿಲ್ಲ."

ನನಗೇ ಹೇಳಿದರೇನೋ! ಶಶಿಕಲಾ ಮೇಡಂ ಒಪ್ಪಿದರು. ಎರಡು ಬಗೆಯ ಕೋಶಗಳ ಮೇಲೂ ನಲವತ್ತನ್ನೂ ಒಂದೊಂದಾಗಿ ಮತ್ತೆ ಪರೀಕ್ಷಿಸಿದೆವು. ಹದಿನೇಳನೆಯದು ನಮ್ಮ ಗ್ರಾಹಕದ ಮಿನುಗನ್ನು ತುಸುವೇ ತಗ್ಗಿಸುತ್ತಿತ್ತು. ಉಳಿದ ಕೋಶಗಳ ಗೊಡವೆಗೆ ಹೋಗುತ್ತಿರಲಿಲ್ಲ. ದುರ್ಬಲ, ಆದರೆ ಪ್ರಾಮಾಣಿಕ. ರಸಾಯನ ವಿಭಾಗದವರು ಅದಕ್ಕೆ ಇಲ್ಲೊಂದು ಪರಮಾಣು ಸೇರಿಸಿ, ಅಲ್ಲೊಂದು ಕಿತ್ತು, ವರ್ಷಗಟ್ಟಲೆ ತಿದ್ದಿದರು. ಒಂದು ರೂಪ ಗ್ರಾಹಕಕ್ಕೆ ಗಟ್ಟಿಯಾಗಿ ಕೂತರೆ ರಕ್ತದಲ್ಲಿ ನಿಲ್ಲುತ್ತಿರಲಿಲ್ಲ. ರಕ್ತದಲ್ಲಿ ನಿಂತದ್ದು ಪಿತ್ತಜನಕಾಂಗಕ್ಕೆ ಆಗಿಬರುತ್ತಿರಲಿಲ್ಲ. ಮತ್ತೆ ಮೊದಲಿನಿಂದ.

ಮೂರನೆಯ ವರ್ಷ ಒಂದು ಮಧ್ಯಾಹ್ನ ಡಯಾಲಿಸಿಸ್ ಕುರ್ಚಿಯಲ್ಲೇ ಮುನಿಯಮ್ಮನವರ ಹೃದಯ ನಿಂತಿತು. ನಮ್ಮ ಅಣು ಆಗಿನ್ನೂ ಇಲಿಗಳ ಮೇಲಿನ ಪರೀಕ್ಷೆಯನ್ನೂ ದಾಟಿರಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ನಾನು ರಜೆ ಹಾಕಲಿಲ್ಲ. ಹಾಕಿದ್ದರೆ ಅವರೇ ಬೈಯುತ್ತಿದ್ದರು.

ಅದಾಗಿ ಹಲವು ವರ್ಷಗಳ ಮೇಲೆ ಈ ಬೆಳಿಗ್ಗೆ ಸುದ್ದಿ ಬಂತು: ಮನುಷ್ಯರ ಮೇಲಿನ ಮೊದಲ ಪರೀಕ್ಷೆ ಶುರುವಾಗಿದೆ, ಆರೋಗ್ಯವಂತ ಸ್ವಯಂಸೇವಕರು ಹದಿನೇಳನೆಯದನ್ನು ತಿದ್ದಿ ಮಾಡಿದ ನಮ್ಮ ಮಾತ್ರೆ ನುಂಗಿದ್ದಾರೆ. ನಿವೃತ್ತರಾಗಿ ಊರು ಸೇರಿರುವ ಶಶಿಕಲಾ ಮೇಡಂಗೆ ಫೋನ್ ಮಾಡಿದೆ.

"ಹಂಗಾದ್ರೆ ಔಷಧಿ ಸಿಕ್ತೇನು?" ಎಂದು ಕೆಣಕಿದರು.

"ಇನ್ನೂ ಗೊತ್ತಿಲ್ಲ ಮೇಡಂ" ಎಂದೆ. "ಸುರಕ್ಷಿತವೋ ಅಲ್ಲವೋ ಅನ್ನೋದನ್ನೇ ಈಗ ನೋಡ್ತಿದ್ದಾರೆ. ಸೋತರೂ ಸೋಲಬಹುದು."

"ಸೋತರೆ?"

"ಅದರ ತಂಗಿಯಂಥ ಇನ್ನೊಂದು ಅಣುವನ್ನ ತಯಾರು ಮಾಡ್ತಿದೀವಿ. ಹನ್ನೊಂದು ಗಂಟೆಗೆ ಪರೀಕ್ಷೆ ಇದೆ."

"ಮತ್ತೆ ಫೋನ್ ಹಿಡ್ಕಂಡು ಏನ್ ಮಾಡ್ತಿದೀಯ? ನಡಿ" ಎಂದರು. ಗಡಿಯಾರದಲ್ಲಿ ಹತ್ತೂ ಐವತ್ತು. ಗ್ಲೌಸ್ ಹಾಕಿಕೊಂಡು ಒಳಗೆ ಹೋದೆ.